ಬೆಂಕಿ ನಂದಿಸುವ ಬಂಡಿಯ ಮೇಲೆ ಸಮುದ್ರದೇವ

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಅಮೆರಿಕನ್ ಅಗ್ನಿಶಾಮಕ ಬಂಡಿಯನ್ನು ಮೊದಲ ಸಲ ನೋಡಿದವರಿಗೆ ಒಂದು ಪ್ರಶ್ನೆ ಏಳುತ್ತದೆ: ನೀರೆತ್ತುವ ಪಂಪಿನ ಮೇಲೆ ದೇವತೆಗಳಿಗೇನು ಕೆಲಸ?

ಮೊದಲು ಬಂಡಿಯನ್ನು ತಿಳಿದುಕೊಳ್ಳೋಣ. ಅದಕ್ಕೆ ಮೋಟಾರಿಲ್ಲ. ಎರಡೂ ಕಡೆ ಸಾಲಾಗಿ ನಿಂತ ಜನ ಉದ್ದನೆಯ ಹಿಡಿಕೋಲುಗಳನ್ನು ಏರಿಸಿ ಇಳಿಸಿ ನೀರು ಚಿಮ್ಮಿಸುತ್ತಿದ್ದರು. ನೀರು ಬಿಟ್ಟುಬಿಟ್ಟು ಹಾರದೆ ಒಂದೇ ಧಾರೆಯಾಗಿ ಬರಲೆಂದು ಗಾಳಿ ತುಂಬಿದ ಒಂದು ಪಾತ್ರೆ ಇರುತ್ತಿತ್ತು. ಅದರೊಳಗೆ ಅದುಮಿದ ಗಾಳಿ ನೀರನ್ನು ತಳ್ಳುತ್ತಲೇ ಇರುತ್ತಿತ್ತು. ಅದನ್ನು ಮುಚ್ಚುವ ಎತ್ತರದ ಮರದ ಪೆಟ್ಟಿಗೆಯ ಹಲಗೆಗಳೇ ಚಿತ್ರಗಾರನಿಗೆ ಸಿಕ್ಕ ಜಾಗ.

ಬರೆಸುತ್ತಿದ್ದವರು ಸಂಬಳವಿಲ್ಲದ ಸ್ವಯಂಸೇವಕರು. ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಯೂನಿಯನ್ ಫೈರ್ ಕಂಪನಿ ಕಟ್ಟಿದ ಮೇಲೆ ಇಂಥ ಸಂಘಗಳು ಬೆಳೆಯುತ್ತಾ ಹೋದವು. ಅವುಗಳ ನಡುವೆ ಜಿದ್ದು ಜೋರಾಗಿತ್ತು. ಮೆರವಣಿಗೆಯಲ್ಲಿ ತಮ್ಮ ಬಂಡಿಯೇ ಎದ್ದು ಕಾಣಬೇಕೆಂದು ಒಳ್ಳೆಯ ಚಿತ್ರಗಾರರನ್ನೇ ಹಿಡಿಯುತ್ತಿದ್ದರು. ಫಿಲಡೆಲ್ಫಿಯಾದ ಜಾನ್ ಆರ್ಚಿಬಾಲ್ಡ್ ವುಡ್‌ಸೈಡ್ ಫಲಕಗಳನ್ನು ಬರೆದು ಪಳಗಿದ ಕೈ. ನ್ಯೂಯಾರ್ಕಿನ ಜಾನ್ ಕ್ವಿಡಾರ್ ಇಂದು ಕಥೆಗಳನ್ನು ಆಧರಿಸಿದ ವರ್ಣಚಿತ್ರಗಳಿಂದ ಹೆಸರಾದವನು. ಹೊಟ್ಟೆಪಾಡಿಗೆ ಬರೆದದ್ದು ಬಂಡಿಯ ಹಲಗೆಗಳನ್ನು. ಇವನ್ನು ಬರೀ ಅಲಂಕಾರವೆಂದು ಬದಿಗಿಡುವುದು ಅನ್ಯಾಯ.

ಇನ್ನು ಈ ಚಿತ್ರಗಳನ್ನು ಓದುವ ಬಗೆ. ನಮ್ಮ ಗುಡಿಗಳಲ್ಲಿ ಆಯುಧ ನೋಡಿ ದೇವರನ್ನು ಗುರುತಿಸುವಂತೆ ಇಲ್ಲೂ ಮೊದಲು ಕೈ ನೋಡಿ. ತ್ರಿಶೂಲ ಹಿಡಿದ ಗಡ್ಡದವನು ರೋಮನ್ನರ ಸಮುದ್ರದೇವ ನೆಪ್ಚೂನ್. ನೀರಿನ ಒಡೆಯ, ಪಂಪಿಗೆ ತಕ್ಕವನು. ಲಂಗರಿನ ಪಕ್ಕದ ಹೆಣ್ಣು ಭರವಸೆ. ಕೋಲಿನ ತುದಿಗೆ ಟೊಪ್ಪಿಗೆ ಸಿಕ್ಕಿಸಿ ಹಿಡಿದವಳು ಸ್ವಾತಂತ್ರ್ಯ. ಗರಿ ಮುಡಿದ ಮೂಲನಿವಾಸಿ ಹೆಣ್ಣು ಅಮೆರಿಕ ನಾಡು. ಆ ಜನರನ್ನು ಅವರ ನೆಲದಿಂದಲೇ ಹೊರದೂಡುತ್ತಿದ್ದ ಕಾಲವದು, ಅವರ ರೂಪ ಮಾತ್ರ ಹೀಗೆ ಮೆರೆಯಿತು. ನೋಡುವಾಗ ಇದನ್ನು ಮರೆಯಬಾರದು. ಅರ್ಥ ಹೊಳೆಯದಿದ್ದರೆ ಸಂಘದ ಹೆಸರನ್ನು ಓದಿ, ಹಲವು ಸಲ ಸುಳಿವು ಅಲ್ಲೇ ಇರುತ್ತದೆ.

ಆಮೇಲೆ ಆವಿಯ ಪಂಪುಗಳು ಬಂದವು. ನ್ಯೂಯಾರ್ಕಿನಲ್ಲಿ 1865ರಲ್ಲಿ, ಫಿಲಡೆಲ್ಫಿಯಾದಲ್ಲಿ 1871ರಲ್ಲಿ ಸಂಬಳದ ಅಗ್ನಿಶಾಮಕ ದಳಗಳು ಕೆಲಸ ವಹಿಸಿಕೊಂಡವು. ಹಲಗೆಗಳನ್ನು ಬಿಚ್ಚಿ ತೆಗೆಯಬಹುದಾಗಿದ್ದರಿಂದ ಬಂಡಿ ಹೋದರೂ ಎಷ್ಟೋ ಚಿತ್ರಗಳು ಉಳಿದವು. ಆ ಊರುಗಳಲ್ಲಿರುವ ಕನ್ನಡಿಗರು ನ್ಯೂಯಾರ್ಕ್ ಸಿಟಿ ಫೈರ್ ಮ್ಯೂಸಿಯಂಗೋ ಫಿಲಡೆಲ್ಫಿಯಾದ ಫೈರ್‌ಮನ್ಸ್ ಹಾಲ್‌ಗೋ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.