ಅಂತರ್ಜಾಲ ಸಂಪರ್ಕಕ್ಕೆ ಬದಲಿ ವ್ಯವಸ್ಥೆ: ಸದಸ್ಯರ ಅಧ್ಯಯನಕ್ಕಾಗಿ

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲೂಕುಗಳಲ್ಲಿ ಮಳೆಗಾಲದಲ್ಲಿ ಮರ ಉರುಳಿ ತಂತಿ ಕಡಿಯುವುದೂ ಸಿಡಿಲಿಗೆ ಉಪಕರಣ ಸುಡುವುದೂ ಹೊಸತಲ್ಲ. ಇ-ಸ್ವತ್ತಿನ ನಮೂನೆ 9 ಮತ್ತು 11, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು ಅಂತರ್ಜಾಲವನ್ನೇ ಅವಲಂಬಿಸಿರುವುದರಿಂದ, ಸಂಪರ್ಕವಿಲ್ಲದ ದಿನ ಚಾರ್ಮಾಡಿಯ ಬುಡದಿಂದ ಬಸ್ಸು ಹಿಡಿದು ಬಂದವರೂ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಎರಡನೆಯ ರೂಟರ್ ಖರೀದಿಯ ಪ್ರಸ್ತಾವವು ಸಾಮಾನ್ಯ ಸಭೆಗೆ ಬಂದಾಗ ಸದಸ್ಯರು ಬೆಲೆಯ ಜೊತೆಗೆ ಅದರ ಕಾರ್ಯವಿಧಾನವನ್ನೂ ವಿಚಾರಿಸುವುದು ಅಗತ್ಯ.

ಕಪಾಟಿನಲ್ಲಿರಿಸಿದ ರೂಟರ್ ಬದಲಿ ವ್ಯವಸ್ಥೆಯಲ್ಲ. ಎರಡೂ ಉಪಕರಣಗಳು ಸದಾ ಚಾಲನೆಯಲ್ಲಿದ್ದು, ಒಂದೇ ಸಾಮಾನ್ಯ ವಿಳಾಸವನ್ನು ಹಂಚಿಕೊಂಡಿರಬೇಕು. ವಿ.ಆರ್.ಆರ್.ಪಿ. ಎಂಬ ವಿಧಾನದಲ್ಲಿ ಮುಖ್ಯ ರೂಟರ್ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ತಾನು ಚಾಲನೆಯಲ್ಲಿರುವ ಸಂಕೇತ ಕಳುಹಿಸುತ್ತದೆ. ಮೂರು ಸೆಕೆಂಡು ಮೀರಿ ಸಂಕೇತ ಬಾರದಿದ್ದರೆ ಬದಲಿ ರೂಟರ್ ಆ ವಿಳಾಸವನ್ನು ವಹಿಸಿಕೊಳ್ಳುತ್ತದೆ. ಕಚೇರಿಯ ಗಣಕಯಂತ್ರಗಳಲ್ಲಿ ಯಾವ ಬದಲಾವಣೆಯನ್ನೂ ಮಾಡಬೇಕಿಲ್ಲ.

ಆದರೆ ನಮ್ಮ ಭಾಗದಲ್ಲಿ ರೂಟರ್ ಕೆಡುವುದಕ್ಕಿಂತ ಹೊರಗಿನ ತಂತಿ ಕಡಿಯುವುದೇ ಹೆಚ್ಚು. ತಂತಿ ಕಡಿದರೂ ಮುಖ್ಯ ರೂಟರ್ ಸುಸ್ಥಿತಿಯಲ್ಲಿರುವುದರಿಂದ ಸಂಕೇತ ನಿಲ್ಲುವುದಿಲ್ಲ; ಬದಲಿ ರೂಟರ್ ಸುಮ್ಮನಿರುತ್ತದೆ. ಆದುದರಿಂದ ಹೊರಗಿನ ಸಂಪರ್ಕವನ್ನೂ ಸತತವಾಗಿ ಪರೀಕ್ಷಿಸಿ, ಅದು ಕಡಿದೊಡನೆ ಅಧಿಕಾರ ಬಿಟ್ಟುಕೊಡುವಂತೆ ಮುಖ್ಯ ರೂಟರನ್ನು ಹೊಂದಿಸಿರಬೇಕು. ದರಪಟ್ಟಿಗಳಲ್ಲಿ ಈ ಅಂಶವನ್ನು ಬಾಯಿಬಿಟ್ಟು ಕೇಳದ ಹೊರತು ಕಾಣುವುದು ಕಡಿಮೆ.

ಒಂದೇ ಟ್ರಾನ್ಸ್‌ಫಾರ್ಮರಿಗೆ ಜೋಡಿಸಿದ ಎರಡು ಪಂಪುಗಳಿಂದ ಕುಡಿಯುವ ನೀರಿನ ಭದ್ರತೆ ದೊರೆಯದೆಂಬುದನ್ನು ಸದಸ್ಯರು ಬಲ್ಲರು. ಇಲ್ಲಿಯೂ ಹಾಗೆಯೇ. ಎರಡು ರೂಟರುಗಳಿಗೆ ಪ್ರತ್ಯೇಕ ಯು.ಪಿ.ಎಸ್. ಇರಬೇಕು, ಎರಡನೆಯ ಸಂಪರ್ಕವು ಮೊದಲನೆಯ ತಂತಿ ಸಾಗುವ ಕಂಬಗಳಲ್ಲೇ ಬರಬಾರದು. ಕೇಂದ್ರ ಸಚಿವ ಸಂಪುಟವು 2023ರ ಆಗಸ್ಟಿನಲ್ಲಿ ಅನುಮೋದಿಸಿದ ಪರಿಷ್ಕೃತ ಭಾರತ್‌ನೆಟ್ ಯೋಜನೆಯು ಗ್ರಾಮ ಪಂಚಾಯತ್‌ಗಳನ್ನು ಉಂಗುರಾಕಾರದ ಜಾಲದಲ್ಲಿ ಸೇರಿಸುವ ಉದ್ದೇಶ ಹೊಂದಿರುವುದೂ ಇದಕ್ಕಾಗಿಯೇ: ಒಂದು ಕಡೆ ತಂತಿ ಕಡಿದರೆ ಇನ್ನೊಂದು ಕಡೆಯಿಂದ ಸಂಪರ್ಕ ಮುಂದುವರಿಯುತ್ತದೆ. ಅನುದಾನ ಸೀಮಿತವಾಗಿದ್ದಲ್ಲಿ ಎರಡನೆಯ ರೂಟರಿಗಿಂತ, ಬೇರೆ ಮಾರ್ಗದ ಎರಡನೆಯ ಸಂಪರ್ಕಕ್ಕೆ ಆದ್ಯತೆ ನೀಡುವುದು ಸೂಕ್ತ. ಎರಡು ಸಂಪರ್ಕಗಳನ್ನು ನಿರ್ವಹಿಸುವ ಒಂದೇ ರೂಟರ್ ಅನೇಕ ಕಚೇರಿಗಳಿಗೆ ಸಾಕಾದೀತು.

ಬಿಲ್ ಪಾವತಿಗೆ ಮುನ್ನ ಸದಸ್ಯರೊಬ್ಬರ ಸಮಕ್ಷಮ ಪರೀಕ್ಷೆ ನಡೆಯಲಿ. ಇ-ಸ್ವತ್ತು ಪುಟ ತೆರೆದಿರುವಾಗಲೇ ಮುಖ್ಯ ಸಂಪರ್ಕದ ತಂತಿಯನ್ನು ಕಳಚಬೇಕು. ಅದನ್ನು ಮರುಜೋಡಿಸಿದ ಬಳಿಕ, ಎರಡು ರೂಟರುಗಳಿದ್ದಲ್ಲಿ ಮುಖ್ಯ ರೂಟರಿನ ವಿದ್ಯುತ್ತನ್ನು ತೆಗೆಯಬೇಕು. ಪುಟವು ಮತ್ತೆ ತೆರೆಯಲು ತಗುಲಿದ ಸಮಯವನ್ನು ವಹಿಯಲ್ಲಿ ದಾಖಲಿಸಿ, ಪ್ರತಿ ವರ್ಷ ಮೇ ತಿಂಗಳಲ್ಲಿ ಇದೇ ಪರೀಕ್ಷೆಯನ್ನು ಪುನರಾವರ್ತಿಸತಕ್ಕದ್ದು.