ಪಾನಾಭ್ಯಾಸವೂ ಸಮಾಜದ ಸಂಕಟಗಳೂ

ಮದ್ಯಪಾನದ ಮಾತು ಬಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಬೀದಿಯಲ್ಲಿ ತೂರಾಡುತ್ತ ಬರುವ ಕುಡುಕನ ಚಿತ್ರ. ಅಂಥವರು ನಾಲ್ಕಾರು ಮಂದಿ ತಿದ್ದಿಕೊಂಡರೆ ಊರೇ ನೆಮ್ಮದಿಯಾದೀತೆಂದು ನಾವು ಭಾವಿಸುತ್ತೇವೆ. ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಿಸೋಣ.

ಭಾರತ ಸರಕಾರವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, 10ರಿಂದ 75 ವರ್ಷ ವಯಸ್ಸಿನವರಲ್ಲಿ ನೂರಕ್ಕೆ 14.6 ಮಂದಿ, ಎಂದರೆ ಸುಮಾರು 16 ಕೋಟಿ ಜನ, ಮದ್ಯಪಾನ ಮಾಡುತ್ತಾರೆ. ಗಂಡಸರಲ್ಲಿ ಈ ಪ್ರಮಾಣ ನೂರಕ್ಕೆ 27.3, ಹೆಂಗಸರಲ್ಲಿ 1.6 ಮಾತ್ರ. ಕುಡಿಯುವವರು ಬಹುಮಟ್ಟಿಗೆ ಗಂಡಸರು. ಅದರ ಫಲವನ್ನು ಉಣ್ಣುವವರಲ್ಲಿ ಅವರ ಮಡದಿ ಮಕ್ಕಳೂ ಸೇರಿದ್ದಾರೆ.

ಈಗ ಒಂದು ಲೆಕ್ಕ ಮಾಡೋಣ. ಒಂದು ಪೇಟೆಯಲ್ಲಿ ಕುಡಿಯುವವರು 1000 ಮಂದಿ ಇರುವರೆಂದು ಭಾವಿಸಿರಿ. ಅವರಲ್ಲಿ ಅತಿಯಾಗಿ ಕುಡಿಯುವವರು 100. ಅವರೊಳಗೆ ನಾಲ್ವರಲ್ಲಿ ಒಬ್ಬನು ವರ್ಷದಲ್ಲಿ ಒಂದು ಅನರ್ಥಕ್ಕೆ ಕಾರಣನಾಗುತ್ತಾನೆ. ಅಲ್ಲಿಗೆ 25 ಅನರ್ಥಗಳು. ಮಿತವಾಗಿ ಕುಡಿಯುವ 900 ಮಂದಿಯಲ್ಲಿ ಇಪ್ಪತ್ತರಲ್ಲಿ ಒಬ್ಬನು ಮಾತ್ರ ಹಾಗಾದರೂ ಅನರ್ಥಗಳು 45! ಒಬ್ಬೊಬ್ಬನನ್ನೇ ನೋಡಿದರೆ ಕುಡುಕನೇ ಅಪಾಯಕಾರಿ. ಪೇಟೆಯನ್ನೆಲ್ಲ ಒಟ್ಟಾಗಿ ನೋಡಿದರೆ ಸಾಮಾನ್ಯರಿಂದಾದ ಕೇಡೇ ಹೆಚ್ಚು. ಬ್ರಿಟನ್ನಿನ ಮನೋವೈದ್ಯ ನಾರ್ಮನ್ ಕ್ರೈಟ್‌ಮನ್ ಅವರು 1986ರಲ್ಲಿ ಈ ವಿರೋಧಾಭಾಸದತ್ತ ವಿದ್ವಾಂಸರ ಗಮನ ಸೆಳೆದರು.

ಕುಡಿಯುವ ರೀತಿಯೂ ಮುಖ್ಯವಾದುದು. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿಯುವವನ ಯಕೃತ್ತು ಕೆಡುತ್ತದೆ. ಸಂಬಳದ ರಾತ್ರಿ ಮಾತ್ರ ಮಿತಿಮೀರಿ ಕುಡಿಯುವವನಿಗೆ ಆ ರೋಗ ಬಾರದಿರಬಹುದು. ಆದರೆ ಜಗಳ, ಹೊಡೆತ, ರಸ್ತೆಯ ಅಪಘಾತಗಳಿಗೆ ಆ ಒಂದು ರಾತ್ರಿಯೇ ಸಾಕು. ಇನ್ನು ಹಣದ ಮಾತು. ದಿನಕ್ಕೆ 600 ರೂಪಾಯಿ ದುಡಿಯುವವನು 150 ರೂಪಾಯಿಯನ್ನು ಕುಡಿತಕ್ಕೆ ಸುರಿದರೆ ತಿಂಗಳಿಗೆ 4500 ರೂಪಾಯಿ ಹೋಯಿತು. ಮನೆಯ ಬಾಡಿಗೆ, ಹಾಲು, ಮಕ್ಕಳ ಪುಸ್ತಕ ಇವೆಲ್ಲ ಆ ಹಣದಲ್ಲಿದ್ದವು. ಬಡತನದ ಬೇಸರ ಕುಡಿತಕ್ಕೆ ಎಳೆಯುತ್ತದೆ. ಕುಡಿತವು ಮತ್ತೆ ಬಡತನಕ್ಕೆ ನೂಕುತ್ತದೆ.

ಹಾಗಾದರೆ ಕಾನೂನಿನಿಂದ ಇದನ್ನು ತಡೆಯಬಾರದೆ? ನಮ್ಮ ಸಂವಿಧಾನದ 47ನೆಯ ವಿಧಿಯು ಪಾನನಿಷೇಧವನ್ನು ಸರಕಾರದ ಧ್ಯೇಯವೆಂದು ಹೇಳಿದೆ. ನಾವಿರುವ ಈ ಮುಂಬಯಿಯಲ್ಲಿಯೂ 1949ರ ಕಾಯಿದೆಯಂತೆ ಪಾನನಿಷೇಧ ಜಾರಿಯಾಯಿತು. ಜೊತೆಗೆ ಕಳ್ಳಭಟ್ಟಿಯೂ ಬೆಳೆಯಿತು. ಮುಂದೆ ನಿಷೇಧ ಸಡಿಲವಾದರೂ ಕಳ್ಳಸಾರಾಯಿ ಅಳಿಯಲಿಲ್ಲ. 2015ರ ಜೂನ್ ತಿಂಗಳಲ್ಲಿ ಮಾಲಾಡದ ಮಾಲವಣಿಯಲ್ಲಿ ಮೆಥನಾಲ್ ಬೆರೆತ ಸಾರಾಯಿಯನ್ನು ಕುಡಿದು ನೂರಕ್ಕೂ ಮಿಕ್ಕಿ ಜನ ಸತ್ತರು. ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು, ಮೊದಲು ಕಣ್ಣಿನ ನರವನ್ನೂ ಕಡೆಗೆ ಪ್ರಾಣವನ್ನೂ ಕಳೆಯಬಲ್ಲದು.

ಕಾನೂನು ಬೇಡವೆಂದಲ್ಲ, ಅದರ ಬೆನ್ನಿಗೆ ಜನರ ಮನಸ್ಸು ನಿಲ್ಲಬೇಕು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಗ್ರಾಮದ ಹೆಂಗಸರು ಸಾಕ್ಷರತೆಯ ತರಗತಿಯಲ್ಲಿ ಕುಡಿತದ ಕೇಡನ್ನು ಕುರಿತ ಪಾಠವನ್ನು ಓದಿ, ತಮ್ಮೂರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಚಳವಳಿ ಊರಿಂದೂರಿಗೆ ಹಬ್ಬಿ, 1993ರಲ್ಲಿ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅಕ್ಷರದ ಶಕ್ತಿ ಎಷ್ಟೆಂಬುದನ್ನು ದೂಬಗುಂಟದ ಪಾಠದಿಂದ ತಿಳಿಯಿರಿ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಿಗೆ ಈ ವಿಷಯ ಪುಸ್ತಕದ ಮಾತಲ್ಲ, ಮನೆಯ ಮಾತು. ಮನೆಯ ಹಿರಿಯರ ಕುಡಿತಕ್ಕೆ ನೀವು ಕಾರಣರಲ್ಲ. ಅದು ನಿಮಗೆ ಅವಮಾನವೂ ಅಲ್ಲ. ಚಟಕ್ಕೆ ಬಿದ್ದವನಿಗೆ ಬೇಕಾದುದು ಬರಿಯ ನಿಂದೆಯಲ್ಲ, ಚಿಕಿತ್ಸೆ. ಮನೆಯಲ್ಲಿ ಭಯವಾದಾಗ ನೆರೆಯವರಿಗೆ ಹೇಳಿರಿ, ಗುರುಗಳಿಗೆ ಹೇಳಿರಿ. 1098ಕ್ಕೆ ದೂರವಾಣಿ ಮಾಡಿದರೂ ಮಕ್ಕಳಿಗೆ ನೆರವು ದೊರೆಯುವುದು. ಮುಂದೆ ಗೆಳೆಯರು "ಒಂದೇ ಗುಟುಕು" ಎಂದು ಕರೆದಾಗ ಮೇಲಿನ ಲೆಕ್ಕವನ್ನು ನೆನೆಯಿರಿ. ಆ ನಲವತ್ತೈದು ಅನರ್ಥಗಳಿಗೆ ಕಾರಣರಾದವರಲ್ಲಿ ಯಾವನೂ ತನ್ನನ್ನು ಕುಡುಕನೆಂದು ತಿಳಿದಿರಲಿಲ್ಲ.