ಒಕ್ಕಣೆ ಯಂತ್ರದ ಅದುರು, ಹಸುವಿನ ಹೊಟ್ಟೆಯ ಮೊಳೆ



ಹೊಳಲ್ಕೆರೆ, ಹೊಸದುರ್ಗದ ಕಡೆ ಮೆಕ್ಕೆಜೋಳ, ರಾಗಿಯ ಒಕ್ಕಣೆ ಮುಗಿದು ಹೊಸ ಮೇವು ಕೊಟ್ಟಿಗೆಗೆ ಬಂದ ಮೇಲೆ ನನಗೆ ಇಂಥ ಕರೆ ಬರುವುದುಂಟು: "ನಿನ್ನೆವರೆಗೂ ಚೆನ್ನಾಗಿತ್ತು ಮೇಡಂ, ಇವತ್ತು ಹಾಲು ಅರ್ಧಕ್ಕೆ ಇಳಿದಿದೆ, ಹುಲ್ಲು ಮುಟ್ಟುತ್ತಿಲ್ಲ." ಹೋಗಿ ನೋಡಿದರೆ ಹಸು ಬೆನ್ನು ಗೂನು ಮಾಡಿ, ಮುಂಗಾಲಿನ ಮೊಣಕೈ ಹೊರಚಾಚಿ ನಿಂತಿರುತ್ತದೆ. ಇಳಿಜಾರಿನಲ್ಲಿ ನಡೆಸಿದರೆ ನರಳುತ್ತದೆ. ಚೂಪಾದ ಲೋಹ ಹೊಟ್ಟೆಗೆ ಚುಚ್ಚಿರಬಹುದು ಎಂಬುದೇ ಆಗ ನಮ್ಮ ಮೊದಲ ಅನುಮಾನ.

ಅದು ಮೇವಿಗೆ ಬಂದದ್ದು ಎಲ್ಲಿಂದ? ಬೇಲಿಯ ತಂತಿ, ಗೋಡೆಯ ಮೊಳೆ ಇರಬಹುದು. ಆದರೆ ನಾವು ಯಾರೂ ನೋಡದ ಇನ್ನೊಂದು ದಾರಿಯಿದೆ: ಅದುರುವ ಯಂತ್ರ.

ಒಕ್ಕಣೆ ಯಂತ್ರದ ಡ್ರಮ್ಮಾಗಲಿ, ಮನೆಯ ಚಾಫ್ ಕಟರಿನ ಚಕ್ರವಾಗಲಿ, ಸುತ್ತಲೂ ಒಂದೇ ತೂಕವಿದ್ದರೆ ಹದವಾಗಿ ತಿರುಗುತ್ತದೆ. ಒಂದು ಬ್ಲೇಡ್ ಮಾತ್ರ ಹೊಸದು ಹಾಕಿಸಿದರೆ, ಒಂದನ್ನೇ ಹೆಚ್ಚು ಸಾಣೆ ಹಿಡಿಸಿದರೆ ಒಂದು ಪಕ್ಕ ಭಾರವಾಗುತ್ತದೆ. ಶಾಫ್ಟಿಗೆ ರಾಗಿ ಹುಲ್ಲು ಸುತ್ತಿಕೊಂಡರೂ ಹದ ತಪ್ಪುತ್ತದೆ. 50 ಗ್ರಾಂ ವ್ಯತ್ಯಾಸ ಎಂದರೆ ಏನು ಮಹಾ ಅನ್ನಬೇಡಿ. ಶಾಫ್ಟಿನಿಂದ 15 ಸೆಂ.ಮೀ. ದೂರದಲ್ಲಿರುವ ಆ 50 ಗ್ರಾಂ, ನಿಮಿಷಕ್ಕೆ 600 ಸುತ್ತಿನಲ್ಲಿ ಸುಮಾರು 3 ಕಿಲೋ ತೂಕದಷ್ಟು ಜಗ್ಗುತ್ತದೆ. ಸುತ್ತು 1200 ಆದರೆ ಜಗ್ಗಾಟ ಎರಡು ಪಟ್ಟಲ್ಲ, ನಾಲ್ಕು ಪಟ್ಟು, 12 ಕಿಲೋ. ಸೆಕೆಂಡಿಗೆ 20 ಸಲ ಹೀಗೆ ಜಗ್ಗಿದರೆ ಯಾವ ನಟ್ಟು ತಾನೇ ಬಿಗಿಯಾಗಿ ಉಳಿದೀತು? ಬೇರಿಂಗ್ ಸವೆಯುತ್ತದೆ, ಪಿನ್ನು ಕಳಚುತ್ತದೆ, ಬ್ಲೇಡಿನ ಅಂಚು ಸಿಡಿಯುತ್ತದೆ. ಎಲ್ಲ ಬೀಳುವುದು ಮೇವಿನೊಳಗೇ.

ದುಂಡನೆಯ ನಟ್ಟು ಹೊಟ್ಟೆಯಲ್ಲಿ ಸುಮ್ಮನೆ ಬಿದ್ದಿರಬಹುದು. ಸ್ಪ್ಲಿಟ್ ಪಿನ್, ತಂತಿಯ ಚೂರು ಸುಮ್ಮನಿರುವುದಿಲ್ಲ. ಹಸು ಆರಿಸಿ ತಿನ್ನುವ ಪ್ರಾಣಿಯಲ್ಲ, ನಾಲಿಗೆಗೆ ಸಿಕ್ಕಿದ್ದನ್ನು ನುಂಗುತ್ತದೆ. ಭಾರದ ವಸ್ತು ಎರಡನೇ ಹೊಟ್ಟೆಯಲ್ಲಿ, ಅಂದರೆ ಜಾಲಜಠರದಲ್ಲಿ ತಂಗುತ್ತದೆ. ಅದರ ಮುಂದೆ ತೆಳುವಾದ ವಪೆ, ವಪೆಯ ಆಚೆ ಹೃದಯ.

ಯಂತ್ರದ ಸದ್ದು ಬದಲಾದರೆ, ಕಾಲಡಿಯ ನೆಲ ನಡುಗಿದರೆ ನಿಲ್ಲಿಸಿ. ಬಾಡಿಗೆ ಯಂತ್ರವಾದರೂ ನಿಲ್ಲಿಸಲು ಹೇಳಿ, ಮೇವು ನಿಮ್ಮದು. ಮನೆಯ ಚಾಫ್ ಕಟರ್ ಆದರೆ ಪ್ಲಗ್ ಕಿತ್ತು, ಬೆಲ್ಟ್ ಬಿಚ್ಚಿ, ಬ್ಲೇಡಿಗೆ ಕೈ ತಾಗದಂತೆ ಚಕ್ರವನ್ನು ಮೆಲ್ಲಗೆ ತಿರುಗಿಸಿ ಬಿಡಿ. ಪ್ರತಿ ಸಲವೂ ಒಂದೇ ಪಕ್ಕ ಕೆಳಗೆ ಬಂದು ನಿಂತರೆ ಆ ಪಕ್ಕ ಭಾರವಿದೆ. ಬ್ಲೇಡುಗಳನ್ನು ಜೊತೆಯಾಗಿಯೇ ಬದಲಿಸಿ, ಬೋಲ್ಟಿಗೆ ಸ್ಪ್ರಿಂಗ್ ವಾಷರ್ ಹಾಕಿಸಿ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ಕತ್ತರಿಸಿದ ಮೇವಿನಲ್ಲಿ ಆಡಿಸಿ ನೋಡಿ; ಸಿಗುವ ಚೂರುಗಳನ್ನು ಕಂಡು ನಿಮಗೇ ಆಶ್ಚರ್ಯವಾದೀತು.

ಹಸು ಮೇಲೆ ಹೇಳಿದ ಹಾಗೆ ನಿಂತಿದ್ದರೆ ಅಜೀರ್ಣವೆಂದು ಕಷಾಯ ಕುಡಿಸುತ್ತಾ ದಿನ ಕಳೆಯಬೇಡಿ. ಅದೇ ದಿನ ಪಶುವೈದ್ಯರನ್ನು ಕರೆಸಿ. ಬೇಗ ಗೊತ್ತಾದರೆ ಅಯಸ್ಕಾಂತ ನುಂಗಿಸಿ, ಔಷಧ ಕೊಟ್ಟು, ಬೇಕಾದರೆ ಶಸ್ತ್ರಚಿಕಿತ್ಸೆ ಮಾಡಿ ಉಳಿಸಿಕೊಳ್ಳಬಹುದು. ಗಂಟಲ ಕೆಳಗೆ, ಎದೆಯ ಮುಂದೆ ನೀರು ತುಂಬಿ ಊದಿಕೊಂಡ ಮೇಲೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ನಾವು ಬರುವವರೆಗೆ ಹಸುವನ್ನು ಓಡಾಡಿಸದೆ, ಮುಂಗಾಲು ಒಂದು ಗೇಣು ಎತ್ತರದಲ್ಲಿರುವಂತೆ ಮಣ್ಣು ಹಾಕಿ ಕಟ್ಟಿರಿ.